ಆ ಕಡೆಯ ತೆರಿಗೆ

ರೀ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಕರುವನ್ನು ನೆರಳಿಗೆ ಕಟ್ಟಿ. ಹೊಲ ಉಳೋಕೆ ಅಂತ ನೀವು ಬುಕ್ ಮಾಡಿದ್ದ ಟಿಲ್ಲರ್ ಅಂಗಡಿಯಿಂದ ಟಪಾಲಿನಲ್ಲಿ ಬಂದ ಬಿಲ್ಲು ಮೇಜಿನ ಮೇಲಿದೆ. ಒಡೆದು ಓದಿದ್ದು ನಾನೇ.

"ಟಿಲ್ಲರ್ ಇನ್ನೂ ಸ್ಟಾಕ್ ಬಂದಿಲ್ಲ ಕಣೇ" ಅಂತ ಮೊನ್ನೆಯೂ ಹೇಳಿದಿರಿ. ಬಿಲ್ಲು ನೋಡಿದರೆ, ಅದನ್ನು ಇಳಿಸಿಕೊಂಡು ಹನ್ನೆರಡು ದಿನವಾಗಿದೆ. ಜೊತೆಗೆ ಪಕ್ಕದ ರಾಜ್ಯದ ಮಾರಾಟ ತೆರಿಗೆ ಬೇರೆ. ನಮ್ಮ ಕಡೆಗೆ ತಂದರೆ ಆ ತೆರಿಗೆ ಬೀಳುವುದಿಲ್ಲ ಅಂತ ತಾನೇ ಗಡಿಯಾಚೆ ಕೊಳ್ಳಲು ಹೋಗಿದ್ದು? ಒಂದು ಮೊಳೆಗೂ ಚೌಕಾಸಿ ಮಾಡುವವರು ತುಟಿಪಿಟಕ್ಕೆನ್ನದೆ ಕಟ್ಟಿದ್ದೀರಿ ಅಂದಾಗಲೇ ಏನೋ ಮಸಲತ್ತಿದೆ ಅನ್ನಿಸಿತು.

ಅಂಗಡಿಗೆ ಫೋನ್ ಮಾಡಿದೆ. ಗುಮಾಸ್ತ, "ಟಿಲ್ಲರ್ ಗಡಿನೇ ದಾಟಿಲ್ವಲ್ಲಮ್ಮ, ಇಲ್ಲೇ ಇಳಿಸ್ಕೊಂಡ್ರೆ ಇಲ್ಲಿನ ತೆರಿಗೆ ಹಾಕ್ಲೇಬೇಕು" ಅಂದು ವಿಳಾಸ ಓದಿದ. ಗಡಿಯಾಚೆಯ ನನ್ನ ತಮ್ಮನ ಮನೆ!

ಐದು ವರ್ಷದ ಹಿಂದೆ ಅವನ ಟಿಲ್ಲರನ್ನು ಎರವಲು ತಂದಿರಿ. ವಾಪಸ್ ಕೊಡುವ ಹೊತ್ತಿಗೆ ಎಂಜಿನ್ ಸತ್ತಿತ್ತು. "ಮೊದಲೇ ಕೆಟ್ಟಿದ್ದನ್ನ ನಮ್ಮ ತಲೆಗೆ ಕಟ್ತಾನೆ" ಅಂದಿರಿ. ನಂಬಿದೆ. ಒಡಹುಟ್ಟಿದವನ ಮುಖ ನೋಡದೆ ಕೂತೆ. ಕೆಡಿಸಿದ್ದು ನೀವಲ್ಲದಿದ್ದರೆ ಹೊಸದು ಕೊಡಿಸುವ ದರ್ದೇನಿತ್ತು? ಅವನ ಹತ್ತಿರ ಗುಟ್ಟಾಗಿ ತಪ್ಪೊಪ್ಪಿಕೊಂಡಿರಿ. ನನಗೆ ಮಾತ್ರ "ಸ್ಟಾಕ್ ಇಲ್ಲ" ಅಂದಿರಿ! ಅಥವಾ ಇದಕ್ಕೂ ಒಂದು ಕಥೆ ಕಟ್ಟಿಟ್ಟಿದ್ದೀರಾ?

ಒಂಬತ್ತೂವರೆ ಬಸ್ಸಿಗೆ ತಮ್ಮನ ಮನೆಗೆ ಹೊರಟಿದ್ದೇನೆ. ಫೋನ್ ಮಾಡಬೇಡಿ. ಅವನ ಹತ್ತಿರ ನಾನು ಕೇಳಬೇಕಾದ ಕ್ಷಮೆ ಇದೆ. ಭಾನುವಾರ, ಕರುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನೀವೂ ಬನ್ನಿ. ಅವತ್ತು ನಡೆದದ್ದನ್ನು ಅವನೆದುರೇ ನನಗೆ ಬಾಯಿಬಿಟ್ಟು ಹೇಳಿ.

ಅಷ್ಟು ಮಾಡಿದರೆ ನಿಮ್ಮ ಜೊತೆಯಲ್ಲೇ ವಾಪಸ್ ಬರುತ್ತೇನೆ.