ಮೇಷ್ಟ್ರು ಅಜ್ಜನಾಗುವುದಕ್ಕೆ ಮೊದಲು

ಮೆಸ್ಕೀಟ್ ಬೆಂಡ್, ಟೆಕ್ಸಾಸ್
ನವೆಂಬರ್ 19, 2026, ಗುರುವಾರ

ಪ್ರೀತಿಯ ಮಗಳು ಲೀಯಾನ್‌ಗೆ,

ನೆಲದ ಮೇಲೂ ನೀರಿನ ಮೇಲೂ ವಾಸಿಸುವ ಸಮಸ್ತರಿಗೆ, ಅದರಲ್ಲೂ ವಿಶೇಷವಾಗಿ ನಿಮ್ಮ ನೌಕಾಪಡೆಗೆ, ಈ ಮೂಲಕ ಸಾರುವುದೇನೆಂದರೆ: ನಮ್ಮ ಮನೆಯ ಹಿಂಬಾಗಿಲು ಇನ್ನು ಮುಂದೆ ಕಿರುಗುಟ್ಟುವುದಿಲ್ಲ. ನಿನ್ನ ಅಪ್ಪ ಬದುಕಿದ್ದಾಗಲೇ ಶುರುವಾಗಿದ್ದ ಆ ಸಂಗೀತ ಕಳೆದ ಶನಿವಾರ ಬೆಳಗ್ಗೆ ಮುಕ್ತಾಯ ಕಂಡಿತು. ಇಂಥ ಸಂದರ್ಭಕ್ಕೆ ತೋಪು ಹಾರಿಸುವ ಪದ್ಧತಿ ನಿಮ್ಮ ಹಡಗಿನಲ್ಲಿದ್ದರೆ ದಯವಿಟ್ಟು ಹಾರಿಸಬೇಕು.

ನಿನ್ನ ಬೆನ್ನು ಹೇಗಿದೆ? ಆ ಇಂಜಿನ್ ಕೋಣೆಯ ಸೆಕೆಯಲ್ಲಿ ನೀರು ಸರಿಯಾಗಿ ಕುಡಿಯುತ್ತಿದ್ದೀಯೋ, ಅಥವಾ ಕಾಫಿಯಲ್ಲೇ ದಿನ ದೂಡುತ್ತಿದ್ದೀಯೋ? ಹಡಗಿನ ಊಟದ ಬಗ್ಗೆ ನೀನು ಬರೆಯುವುದನ್ನೇ ಬಿಟ್ಟಿರುವುದರಿಂದ ಅದು ಇನ್ನೂ ಕೆಟ್ಟಿರಬೇಕು ಎಂದು ತಿಳಿದಿದ್ದೇನೆ. ಇಲ್ಲಿ ನಿನ್ನ ಸುಪುತ್ರ ಆಮೋಸ್ ಚೆನ್ನಾಗಿದ್ದಾನೆ; ಅವನ ಪ್ಯಾಂಟುಗಳು ಮಾತ್ರ ವಾರವಾರಕ್ಕೂ ಮೋಟಾಗುತ್ತಿವೆ. ನನ್ನ ರಕ್ತದೊತ್ತಡ ಸ್ವಲ್ಪ ಏರಿದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, "ಏನಾದ್ರೂ ಯೋಚನೆ ಹಚ್ಕೊಂಡಿದ್ದೀರಾ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಯಂತ್ರ ನನ್ನ ಮಾತನ್ನು ನಂಬಲಿಲ್ಲ.

ಯೋಚನೆ ಇದೆ. ಬಾಗಿಲಿಗೆ ಎಣ್ಣೆ ಹಾಕಿದವರಿಂದಲೇ ಶುರು ಮಾಡುತ್ತೇನೆ. ಅವರು ಹಾಲಿಸ್ ಪ್ರೂಯಿಟ್, ನಮ್ಮ ಆಮೋಸನಿಗೆ ಓದು ಕಲಿಸುವ ಮೇಷ್ಟ್ರು. ಆಗಸ್ಟ್‌ನಲ್ಲಿ ಹಡಗಿನಲ್ಲಿ ಕೂತೇ ನೀನು ಗುಂಡಿ ಒತ್ತಿ, ಮನೆಯಲ್ಲೇ ಓದುವ ಮಕ್ಕಳ ಖರ್ಚಿಗೆಂದು ರಾಜ್ಯ ಸರ್ಕಾರ ದುಡ್ಡು ಹಾಕುವ ಶಾಲಾ ಖಾತೆಯಿಂದ ಸಂಬಳ ಹೋಗುವಂತೆ ಮಾಡಿದೆಯಲ್ಲ, ಅವರೇ. ಇಡೀ ಆಯುಷ್ಯ ಸರ್ಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದಾರೆ, ಬೀನ್ಸ್ ಬೇಯಿಸುವುದನ್ನು ಬಿಟ್ಟರೆ ಬೇರೆ ದುರಭ್ಯಾಸವಿಲ್ಲ. ಮನೆಯಲ್ಲೇ ಮಕ್ಕಳನ್ನು ಓದಿಸುವ ನಮ್ಮ ಮಂಗಳವಾರದ ಕೂಟದಲ್ಲಿ ಅವರ ಹೆಸರು ಹೇಳಿದಾಗ ಡಾರ್ಲಾ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟಳು. "ಸರ್ಕಾರಿ ಶಾಲೆ ಬೇಡ ಅಂತ ತಾನೇ ಇಮೋಜೀನಮ್ಮ, ನಾವೆಲ್ಲ ಮನೇಲಿ ಕೂರಿಸ್ಕೊಂಡು ಓದಿಸ್ತಿರೋದು? ಈಗ ಸರ್ಕಾರದ ದುಡ್ಡಲ್ಲಿ ಸರ್ಕಾರಿ ಶಾಲೆ ಮೇಷ್ಟ್ರನ್ನೇ ಮನೆಗೆ ಕರೆಸ್ಕೊಂಡ್ರಲ್ಲ," ಎಂದಳು. ಕೂಟವೆಲ್ಲ ನಕ್ಕಿತು. ಕಾರಿನ ಹತ್ತಿರ ಬಂದು, ತನ್ನ ಕಿರಿ ಮಗನಿಗೂ ಒಂದು ಗಂಟೆ ಸಿಗಬಹುದೇ ಎಂದು ಮೆಲ್ಲಗೆ ಕೇಳಿದ್ದೂ ಅವಳೇ.

ಕೇಳದೆ ಏನು ಮಾಡುತ್ತಾಳೆ? ಪುಸ್ತಕ ಕಂಡರೆ ಬೆಕ್ಕನ್ನು ಎತ್ತಿಕೊಂಡು ಊಟದ ಮೇಜಿನ ಕೆಳಗೆ ಹೋಗುತ್ತಿದ್ದ ನಿನ್ನ ಮಗ ಈಗ ಸಿಕ್ಕಿದ್ದನ್ನೆಲ್ಲ ಓದುತ್ತಾನೆ. ಬೆರಳಿಟ್ಟು, ನಿಧಾನವಾಗಿ, ತುಟಿ ಕಚ್ಚಿ. ಮೊನ್ನೆ ದನದ ಮೇವಿನ ಅಂಗಡಿಯಲ್ಲಿ ಹುಳದ ಔಷಧಿಯ ಡಬ್ಬಿ ಹಿಡಿದು ಅದರ ಎಚ್ಚರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದ. ಹಿಂದೆ ಸಾಲಿನಲ್ಲಿ ನಿಂತಿದ್ದ ರೈತರು ಟೋಪಿ ತೆಗೆದು ಪ್ರಾರ್ಥನೆಗೆ ನಿಂತವರಂತೆ ಕೇಳಿದರು. ನಾನು ದನ ನೆಕ್ಕುವ ಉಪ್ಪಿನ ಇಟ್ಟಿಗೆಗಳ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಈಗ ಶನಿವಾರಕ್ಕೆ ಬರುತ್ತೇನೆ. ಹಾಲಿಸ್ ಅವರು ಬಾಗಿಲನ್ನು ಒಂದೆರಡು ಸಲ ತೆರೆದು ಮುಚ್ಚಿ ನೋಡಿ, ಬಟ್ಟೆಗೆ ಕೈ ಒರೆಸುತ್ತಾ, ಎಣ್ಣೆ ಸಾಕು ಎನ್ನುವ ದನಿಯಲ್ಲೇ, "ಇಮೋಜೀನ್, ನಾವಿಬ್ರೂ ಮದುವೆ ಆದ್ರೆ ಹೇಗೆ?" ಎಂದರು. "ಮೊದ್ಲು ಕೈ ತೊಳ್ಕೊಂಡು ಬನ್ನಿ," ಎಂದೆ. ಹೋಗಿ ಸೋಪು ಹಚ್ಚಿ ತೊಳೆದುಕೊಂಡು ಬಂದು ಕೂತರು. ಮಗಳೇ, ಅಷ್ಟರಲ್ಲಿ ನನ್ನ ಬಾಯಿಗೆ "ಆಗಲಿ" ಬಂದಿತ್ತು. ಅದರ ಬೆನ್ನಿಗೇ ಖಾತೆಯ ನಿಯಮವೂ ನೆನಪಿಗೆ ಬಂತು.

ಜುಲೈನಲ್ಲಿ ವಿಡಿಯೋ ಕರೆಯಲ್ಲಿ ನಾವಿಬ್ಬರೂ ಓದಿದ್ದೆವಲ್ಲ. ಮಗುವಿಗೆ ಹತ್ತಿರದ ನೆಂಟರಾದವರಿಗೆ ಖಾತೆಯಿಂದ ಸಂಬಳ ಕೊಡುವಂತಿಲ್ಲ. ರಕ್ತದಿಂದಾದ ನೆಂಟಸ್ತಿಕೆಯಾದರೂ ಅಷ್ಟೇ, ಮದುವೆಯಿಂದಾದದ್ದಾದರೂ ಅಷ್ಟೇ. "ನಿನ್ನನ್ನ ದೂರ ಇಡೋಕೇ ಬರೆದಿದ್ದಾರಮ್ಮಾ," ಎಂದು ನೀನು ನಕ್ಕಿದ್ದೆ. ಆ ನಿಯಮ ನಿಜವಾಗಿ ದೂರ ಇಡುವುದು ಯಾರನ್ನು ಎಂದು ಈಗ ತಿಳಿಯಿತು. ಅಜ್ಜಿಯ ಗಂಡ ಮೊಮ್ಮಗನಿಗೆ ಎಷ್ಟು ಹತ್ತಿರ ಎಂದು ಕೇಳಿದೆ. ಹಾಲಿಸ್ ಅವರು ಬೆರಳು ಮಡಚಿ ಲೆಕ್ಕ ಹಾಕಿ, "ನೆಂಟಸ್ತಿಕೆಯ ಬೇಲಿಯ ಒಳಗೇ ಬರ್ತೀನಿ," ಎಂದು ತೀರ್ಪು ಕೊಟ್ಟರು. ಆಮೇಲೆ ತಾವೇ, "ಅದಕ್ಕೇನಂತೆ? ಸಂಬಳ ಬೇಡ. ಪುಕ್ಕಟೆ ಹೇಳ್ಕೊಡ್ತೀನಿ. ಮೊಮ್ಮಗ ತಾನೇ?" ಎಂದರು. ಎಂಥ ಸುಲಭದ ಪರಿಹಾರ. ಮದುವೆಗೆ ಪೆಕಾನ್ ಬೀಜದ ಸಿಹಿ ಪೈ ಮಾಡಲೋ ಸಿಹಿಗೆಣಸಿನದು ಮಾಡಲೋ ಎಂಬಲ್ಲಿಗೆ ನಾನು ಆಗಲೇ ತಲುಪಿದ್ದೆ.

ಆಗ ಕಿಟಕಿಯ ಹೊರಗಿನಿಂದ "ಬೇಡ" ಎಂದು ಕೇಳಿಸಿತು. ಆಮೋಸ್ ಅಲ್ಲೇ ನಿಂತಿದ್ದ. "ಯಾಕೋ ಕಂದ?" ಎಂದೆ. "ಪುಕ್ಕಟೆ ಹೇಳ್ಕೊಡೋರು ನಿಟ್ಟುಸಿರು ಬಿಡ್ತಾರೆ," ಎಂದ. "ಅಮ್ಮ ಬಿಡ್ತಿದ್ಲು. ನೀನು ಬಿಡ್ತೀಯ. ಮೇಷ್ಟ್ರು ಬಿಡಲ್ಲ, ಅವರಿಗೆ ಸಂಬಳ ಇದೆ." ಅಂದರೆ ನಿನ್ನ ಮಗನ ತಿಳುವಳಿಕೆಯಲ್ಲಿ ಟೆಕ್ಸಾಸ್ ಸರ್ಕಾರ ಈ ಮನುಷ್ಯನಿಗೆ ದುಡ್ಡು ಕೊಡುತ್ತಿರುವುದು ಓದಿಸುವುದಕ್ಕಲ್ಲ, ನಿಟ್ಟುಸಿರು ಬಿಡದೆ ಇರುವುದಕ್ಕೆ. ಹಾಲಿಸ್ ಅವರು ಆಗ ತಾನೇ ಎದೆ ತುಂಬ ಗಾಳಿ ಎಳೆದುಕೊಂಡಿದ್ದರು. ಅದನ್ನು ಹೊರಗೆ ಬಿಡಲಾರದೆ, ಒಳಗೂ ಇಟ್ಟುಕೊಳ್ಳಲಾರದೆ, ಸ್ವಲ್ಪ ಸ್ವಲ್ಪವಾಗಿ ಮೂಗಿನಿಂದ ಸಾಗಿಸಿದರು.

ನಗು ಬಂದರೆ ನಕ್ಕುಬಿಡು. ನನಗೂ ಒಂದು ಕ್ಷಣ ಬಂದಿತ್ತು. ಆದರೆ ಸೋಮವಾರದ ಪಾಠಕ್ಕೆ ಅವರು ಬಂದಾಗ ಹುಡುಗ ಪುಸ್ತಕ ಮುಟ್ಟಲಿಲ್ಲ. ಕೈಕಟ್ಟಿ ನಿಂತು, "ಇವತ್ತು ನೀವು ಮೇಷ್ಟ್ರೋ, ಅಜ್ಜನೋ?" ಎಂದ. "ಮೇಷ್ಟ್ರು." "ಸಂಬಳ ಇದೆಯಾ?" "ಇದೆಯಪ್ಪ." ಆಮೇಲೆಯೇ ಕುರ್ಚಿ ಎಳೆದುಕೊಂಡ. ಆದರೂ ಆ ದಿನ ಹಿಂದಿನ ವಾರ ಸರಾಗವಾಗಿ ಓದಿದ್ದ ಪುಟದಲ್ಲೇ ಎಡವಿದ. ಎಡವಿದಾಗಲೆಲ್ಲ ಪುಸ್ತಕ ಬಿಟ್ಟು ಅವರ ಮುಖ ನೋಡುತ್ತಿದ್ದ. ಪಾಠ ಮುಗಿದ ಮೇಲೆ ಬೆಕ್ಕು ಎಲ್ಲಿ ಎಂದು ಕೇಳಿದ. ಅದು ಮೇಜಿನ ಕೆಳಗಿದ್ದ ದಿನಗಳ ಮಾತು. ಇನ್ನೊಬ್ಬ ಮೇಷ್ಟ್ರನ್ನು ಹುಡುಕೋಣವೆಂದರೆ ಹತ್ತಿರದವರೆಂದರೆ ಆಬಿಲೀನ್ ಪಟ್ಟಣದಲ್ಲಿದ್ದಾರೆ, ಅವರ ಬಾಗಿಲಲ್ಲಿ ಕಾಯುವ ಮಕ್ಕಳೇ ಒಂದು ಶಾಲೆಗಾಗುವಷ್ಟಿದ್ದಾರಂತೆ. ಹೊಸ ಮುಖ ಕಂಡರೆ ಈ ಹುಡುಗ ಬಾಯಿ ಬಿಡುವುದಕ್ಕೇ ಬೇಸಿಗೆ ಬರುತ್ತದೆ.

ಇದು ಸಾಲದೆಂದು ನಾನೊಂದು ಘನಕಾರ್ಯ ಮಾಡಿದೆ. ಮಂಗಳವಾರ ಚರ್ಚಿನ ಹಾಲ್‌ನಲ್ಲಿ ಕೂಟದ ಥ್ಯಾಂಕ್ಸ್‌ಗಿವಿಂಗ್ ಊಟ. ಪಾತ್ರೆಗಳು ಅದಲುಬದಲಾಗಬಾರದೆಂದು ಎಲ್ಲರೂ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆಯುತ್ತೇವಲ್ಲ. ಬೆಳಗಿನ ಗಡಿಬಿಡಿಯಲ್ಲಿ ನನ್ನ ಪೈ ತಟ್ಟೆಯ ತಳಕ್ಕೆ ನನ್ನ ಕೈ ಏನು ಬರೆಯಿತು ಗೊತ್ತೇ? ಇಮೋಜೀನ್ ಪ್ರೂಯಿಟ್. ಅರವತ್ತಮೂರು ವರ್ಷದ ಹೆಂಗಸು, ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಚುವ ಶಾಲೆಯ ಹುಡುಗಿಯಂತೆ. ಊಟವಾದ ಮೇಲೆ ತಟ್ಟೆ ತೊಳೆಯುತ್ತಿದ್ದವಳು ಡಾರ್ಲಾ. ಅದನ್ನು ಮಗುಚಿ ಹಿಡಿದು, ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಯಾವಾಗ ಆಯ್ತು ಇಮೋಜೀನಮ್ಮ?" "ಆಗಿಲ್ಲ." "ಆಗಿಲ್ದಿದ್ರೆ ಸರಿ. ಆಗಿದ್ದೂ ಅವರಿಗೆ ಸಂಬಳ ಹೋಗ್ತಿದ್ರೆ ಮಾತ್ರ ನಿಮ್ಮೊಬ್ಬರ ಖಾತೆ ಅಲ್ಲ, ನಮ್ಮೆಲ್ಲರ ಖಾತೇನೂ ಜಾಲಾಡ್ತಾರೆ. ನಾನಂತೂ ಯಾರಿಗೂ ಹೇಳಲ್ಲಪ್ಪ." ಯಾರಿಗೂ ಹೇಳಲಿಲ್ಲ ಪಾಪ. ಬುಧವಾರ ಅಂಚೆ ಕಚೇರಿಯವರು ನನಗೆ ಶುಭಾಶಯ ಹೇಳಿದರು.

ಗಡಿ ದಾಟಿ ನ್ಯೂ ಮೆಕ್ಸಿಕೋದಲ್ಲಿ ಸದ್ದಿಲ್ಲದೆ ಮದುವೆಯಾಗಿ ಬನ್ನಿ, ರಾಜಧಾನಿ ಆಸ್ಟಿನ್‌ನಲ್ಲಿ ಕೂತವರಿಗೆ ಏನು ತಿಳಿಯುತ್ತದೆ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಆಸ್ಟಿನ್‌ನವರಿಗೆ ತಿಳಿಯದಿರಬಹುದು. ಆದರೆ ಆ ಖಾತೆಗೆ ಸಹಿ ಹಾಕಿದವಳು ನೀನು, ಸಮವಸ್ತ್ರದಲ್ಲಿರುವವಳು. ನಿನ್ನ ಸಹಿಯ ಮರೆಯಲ್ಲಿ ನಾನು ಸಂಸಾರ ಹೂಡಲಾರೆ. ಹಾಲಿಸ್ ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಅವರು ಒತ್ತಾಯಿಸುತ್ತಿಲ್ಲ, ಸುಮ್ಮನೆ ಬಂದು ಪಾಠ ಹೇಳಿ, ಟೋಪಿ ಹಾಕಿಕೊಂಡು ಹೋಗುತ್ತಾರೆ. ಒತ್ತಾಯಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಬೇಡ ಎಂದರೆ ನನಗೆ ಕಷ್ಟ, ಆಗಲಿ ಎಂದರೆ ಹುಡುಗ ಮತ್ತೆ ಮೇಜಿನ ಕೆಳಗೆ. ನಿದ್ದೆ ಬಾರದೆ ಬೀರುಗಳನ್ನೆಲ್ಲ ಒರೆಸಿ ಮುಗಿಸಿದ್ದೇನೆ. ಇನ್ನು ಡಾರ್ಲಾಳ ಮನೆಯವೇ ಬಾಕಿ.

ಇಷ್ಟೆಲ್ಲ ಓದಿ ನೀನು ಅಲ್ಲಿ ಚಿಂತೆ ಹಚ್ಚಿಕೊಳ್ಳಬೇಡ, ಅದಕ್ಕೆ ಇಲ್ಲಿ ನಾನಿದ್ದೇನೆ. ದೇವರು ನಿನ್ನ ಹಡಗನ್ನೂ ನಿನ್ನ ಬೆನ್ನನ್ನೂ ನೆಟ್ಟಗಿಟ್ಟಿರಲಿ. ನಿನ್ನ ಮೇಲಧಿಕಾರಿಗೆ ನನ್ನ ನಮಸ್ಕಾರ ತಿಳಿಸು. ಆಕೆಗೆ ಪೈ ಕಳಿಸುವ ದಾರಿ ಇದ್ದರೆ ಬರೆ.

ಇತಿ ನಿನ್ನನ್ನು ದಿನವೂ ನೆನೆಯುವ ಅಮ್ಮ,
ಇಮೋಜೀನ್ (ಪ್ರೂಯಿಟ್ ಅಲ್ಲ, ಸದ್ಯಕ್ಕೆ)

ತಾ.ಕ.: ಲಕೋಟೆ ಮುಚ್ಚುವಷ್ಟರಲ್ಲಿ ಆಮೋಸ್ ಬಂದು ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದ. ನಿನಗೆ ಎಂದೆ. ಲಕೋಟೆಯ ಮೇಲಿನ ನಿನ್ನ ಹೆಸರನ್ನು ಬೆರಳಿಟ್ಟು ಓದಿ, "ಅಮ್ಮನ ಕಾಗದಾನ ನಾನೊಬ್ನೇ ಪೂರ್ತಿ ಓದಿದ ದಿನ ನೀವು ಮದುವೆ ಆಗ್ಬೋದು. ನೀನು ಪಕ್ಕದಲ್ಲಿ ನಿಂತ್ಕೋಬಾರ್ದು. ಅಲ್ಲೀವರೆಗೂ ಅವರು ಮೇಷ್ಟ್ರೇ," ಎಂದ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ನ್ಯಾಯವಾದ ಮಾತು, ಕಾಯುತ್ತೇನೆ ಎಂದರು ಹಾಲಿಸ್. ಆದ್ದರಿಂದ ಮಗಳೇ, ಅವನ ಹೆಸರಿಗೆ ಬೇರೆಯಾಗಿ ಒಂದು ಕಾಗದ ಬರೆ. ಅಕ್ಷರಗಳನ್ನು ಒಂದಕ್ಕೊಂದು ಕೂಡಿಸದೆ, ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು, ಕಪ್ಪು ಮಸಿಯಲ್ಲಿ. ತೀರ ಸುಲಭ ಮಾಡಿದರೆ ಹುಡುಗನಿಗೆ ಗೊತ್ತಾಗುತ್ತದೆ, ಕಷ್ಟದ ಪದ ಒಂದೆರಡು ಇರಲಿ ಎನ್ನುತ್ತಾರೆ ಮೇಷ್ಟ್ರು. ನೀನು ಒಂದೇ ಹಾಕು.