ಹಿಂದಿನ ಸೀಟು ಖಾಲಿಯಿದ್ದಾಗಿನ ಅಳತೆ

ಪ್ರಾಜಕ್ತಾ,

ನೀನು ಒಳಗೆ ಚಹಾಕ್ಕೆ ಶುಂಠಿ ಜಜ್ಜುತ್ತಿರುವುದು ಕೇಳಿಸುತ್ತಿದೆ. ನಾನು ಹೊರಗಿನ ಕೋಣೆಯಲ್ಲಿ ಕೂತು ನಿನಗೆ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಹತ್ತೊಂಬತ್ತು ವರ್ಷಗಳಿಂದ ನೀನು ಅದನ್ನು ಬಲ್ಲೆ. ಈ ಪತ್ರವನ್ನು ನಿನ್ನ ಊಟದ ಚೀಲದಲ್ಲಿ ಇಡುತ್ತೇನೆ. ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿದ ಮೇಲೆ ಓದು.

ಗಾಡಿಯ ಹಿಂದಿನ ಚಕ್ರಕ್ಕೆ ಹೊಸ ಟೈರ್ ಹಾಕಿಸಿದ ದಿನ ನೆನಪಿದೆಯಲ್ಲ. ಗಾಡಿಗೆ ಹೇಳಿದ ಅಳತೆಯದಲ್ಲ, ಅದಕ್ಕಿಂತ ಅಗಲವಾದದ್ದು. ನೋಡಲು ಚೆಂದ ಎಂಬುದೊಂದೇ ಕಾರಣ. ಇಬ್ಬರು ಕೂತರೆ ಗಾಡಿ ಕೆಳಗಿಳಿಯುತ್ತದೆ, ಮೇಡಂ ಅವರನ್ನೂ ಕೂರಿಸಿ ಟೈರ್ ಮಡ್‌ಗಾರ್ಡಿಗೆ ತಗಲುತ್ತದೋ ನೋಡೋಣ ಎಂದ ಮೆಕ್ಯಾನಿಕ್ ಸಾಯಿಕುಮಾರ. ನೀನು ಆಗಲೇ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಿದ್ದೆ. ನಾನು ಖಾಲಿ ಗಾಡಿಯಲ್ಲೇ ಆ ಎರಡರ ನಡುವಿನ ಸಂದಿಗೆ ಸ್ಕೇಲು ಹಿಡಿದು, "ಹನ್ನೆರಡು ಮಿಲಿಮೀಟರ್ ಐತಿ, ಸಾಕು" ಎಂದೆ. ನೀನು ಹಿಂದೆ ಸರಿದು ನಿಂತೆ.

"ಏನೋ ತಿಕ್ಕಾಕತ್ತೈತ್ರಿ" ಎಂದು ದಾರಿಯಲ್ಲಿ ನೀನು ಮೂರು ದಿನ ಹೇಳಿದೆ. ಹೆಲ್ಮೆಟ್ಟಿನೊಳಗೆ ನನಗೆ ಕೇಳಿಸಲಿಲ್ಲ. ನಾನೊಬ್ಬನೇ ಓಡಿಸಿ ನೋಡಿ, ಸದ್ದೇ ಇಲ್ಲ, ನಿನ್ನ ಭ್ರಮೆ ಎಂದೆ. ನಾಲ್ಕನೆಯ ದಿನ ನೀನು ಮೆಟ್ರೋ ಕಂಬಗಳ ಕೆಳಗೆ ಗಾಡಿ ನಿಲ್ಲಿಸಲು ಹೇಳಿ ಇಳಿದೆ. "ಸ್ಕೇಲಿನ ಮ್ಯಾಲೆ ಇರೋ ನಂಬಿಕಿ ನನ್ನ ಕಿವಿ ಮ್ಯಾಲೆ ಇಲ್ಲ ನಿಮಗ. ನಾ ರೈಲಿಗೆ ಹೋಗ್ತೀನಿ."

ಹೋದೆ. ನೀನು ಗಾಡಿ ಹತ್ತದೆ ನಾಲ್ಕು ತಿಂಗಳಾಯಿತು.

ಅಂದಿನಿಂದ ಬೆಳಗಿನ ಜಾವಕ್ಕೆ ಒಂದೇ ಕನಸು. ಅದೇ ಕಂಬಗಳ ಕೆಳಗೆ ಗಾಡಿ ತೇಲುತ್ತಿರುತ್ತದೆ, ರಸ್ತೆ ಕೆರೆಯ ನೀರಿನಂತೆ ಮೆಲ್ಲಗೆ ಅಲುಗುತ್ತದೆ. ನಿನ್ನ ಕೈ ನನ್ನ ಹೆಗಲ ಮೇಲಿದೆ, ಆದರೆ ಅದಕ್ಕೆ ಭಾರವಿಲ್ಲ. ಚಕ್ರಕ್ಕೂ ಸದ್ದಿಲ್ಲ. ನಾನು ಆ ಸದ್ದಿಗಾಗಿಯೇ ಕಿವಿಗೊಟ್ಟು ಎಷ್ಟೋ ದೂರ ಹೋಗುತ್ತೇನೆ. ಎಚ್ಚರವಾದಾಗ ನೀನು ಪಕ್ಕದಲ್ಲೇ ಮಲಗಿರುತ್ತೀ. ಎಬ್ಬಿಸಿ ಹೇಳಿದ್ದಿಲ್ಲ.

ಹೋದ ಭಾನುವಾರ ಸಿಕಂದರಾಬಾದಿನ ಗುರುಬಸವನ ಅಂಗಡಿಗೆ ಜೋಳ ತರಲು ಹೋಗಿದ್ದೆ. ಐವತ್ತು ಕಿಲೋದ ಚೀಲವನ್ನು ನಿನ್ನ ಜಾಗದಲ್ಲಿಟ್ಟು ಹಗ್ಗ ಬಿಗಿಯುತ್ತ ಅವನು ನಕ್ಕ: "ಏನ್ರಿ ಕಲ್ಲೇಶಣ್ಣಾ, ಅಕ್ಕಾರನ್ನ ರೈಲಿಗೆ ಹತ್ತಿಸಿ ಜ್ವಾಳಕ್ಕ ಸೀಟ್ ಕೊಟ್ಟೀರೇನು?" ರಸ್ತೆಯ ಮೊದಲ ಹಂಪಿನಲ್ಲೇ ಹಿಂದಿನ ಚಕ್ರ ಜರ್ರೆಂದಿತು. ಕನಸಿನಲ್ಲೂ ಕಿವಿಗೊಟ್ಟು ಕಾದವನಿಗೆ ಈ ಸಲ ಕೇಳಿಸಿತು. ಬದಿಗೆ ನಿಲ್ಲಿಸಿ ಮಡ್‌ಗಾರ್ಡಿನೊಳಗೆ ಕೈ ಹಾಕಿದೆ. ರಬ್ಬರಿನ ಕರಿ ಪುಡಿ ಬೆರಳಿಗೆ ಹತ್ತಿತು. ಟೈರ್ ತಿಕ್ಕಿ ತಿಕ್ಕಿ ಒಂದು ಗೆರೆ ನುಣುಪಾಗಿತ್ತು. ಎಂದಾದರೂ ಅದು ಹರಿದಿದ್ದರೆ ಬೀಳುತ್ತಿದ್ದವಳು ನೀನು. ಜೋಳದ ಚೀಲ ಹೇಳಿದ್ದನ್ನು ಒಂದೇ ಸಲಕ್ಕೆ ನಂಬಿದೆ, ಪ್ರಾಜಕ್ತಾ. ನಿನ್ನನ್ನು ನಂಬಲಿಲ್ಲ. ನನ್ನದು ತಪ್ಪಾಯಿತು.

ನಿನ್ನೆ ಹಳೆಯ ಅಳತೆಯ ಟೈರನ್ನೇ ಹಾಕಿಸಿದ್ದೇನೆ. ನಡುವೆ ಎಷ್ಟು ಜಾಗವಿದೆಯೆಂದು ಅಳೆದಿಲ್ಲ, ಅಳೆಯಲು ಸಾಯಿಕುಮಾರನಿಗೂ ಬಿಟ್ಟಿಲ್ಲ. ಈ ಭಾನುವಾರ ಬೆಳಿಗ್ಗೆ ನೀನು ಬಂದು ಕೂರು. ನಾನು ಮುಂದೆ ಕೂರುತ್ತೇನೆ, ಅವನು ಬಗ್ಗಿ ನೋಡಲಿ. ಆಮೇಲೆ ಆ ಕಂಬಗಳವರೆಗೆ ಹೋಗಿ ಬರೋಣ. ಸದ್ದಿದೆಯೋ ಇಲ್ಲವೋ ನೀನೇ ಹೇಳು. ಸ್ಕೇಲು ಮನೆಯಲ್ಲಿರುತ್ತದೆ.

ಚಹಾ ಸೋಸುತ್ತಿದ್ದೀ, ಇನ್ನು ಮಡಚಿಡುತ್ತೇನೆ. ಇವತ್ತು ರೈಲಿನಲ್ಲಿ ನಿನಗೆ ಕೂರಲು ಜಾಗ ಸಿಗಲಿ.

ನಿನ್ನ,
ಕಲ್ಲೇಶ