ಸೋಮವಾರ ಹೂಡಿದ ಚಕ್ಕಡಿ

ಮಿಶ್ರಿಕೋಟಿ,
ತಾರೀಖು ೨೨-೧-೧೯೮೬, ಬುಧವಾರ

ಪ್ರೀತಿಯ ತಮ್ಮ ಮಡಿವಾಳೆಪ್ಪನಿಗೆ,

ನಿನ್ನ ಅಣ್ಣ ಹೊಳೆಪ್ಪ ಬರೆಯುವುದು. ಸಂತೋಷದಿಂದ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಡಚಪ್ಪ ಹಟ ಹಿಡಿದು ಕೂಡಿಸಿದ್ದಾನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು, ಮೊಮ್ಮಗಳ ನೋಟಬುಕ್ಕಿನಿಂದ ಹಾಳೆ ಹರಿಸಿ, ಎದುರು ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕಾವಲು ಕೂತಿದ್ದಾನೆ. ಈ ಹಾಳೆಯ ಗೆರೆಗಳೋ, ಇದ್ದೂ ಇಲ್ಲದಂಗಿವೆ. ಸಾಲು ಕೆಳಗೆ ಜಾರಿದರೆ ನನ್ನನ್ನು ಬೈಯಬೇಡ, ಹಾಳೆ ಮಾಡಿದವನನ್ನು ಬೈ.

ನಿನ್ನ ಸೊಂಟದ ನೋವು ಹೇಗಿದೆ? ದಾಂಡೇಲಿಯ ಥಂಡಿ ಕೆಟ್ಟದ್ದು, ಕಟ್ಟಿಗೆ ಡಿಪೋದ ಕಾವಲಿಗೆ ಹೋಗುವಾಗ ಆ ಕರಿ ಕಂಬಳಿ ಹೊದ್ದುಕೊಂಡೇ ಹೋಗು. ರೇವವ್ವಳ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಿನ್ನ ಅತ್ತಿಗೆ ಶಿವಗಂಗವ್ವ ಗಟ್ಟಿಯಾಗಿದ್ದಾಳೆ. ಬಾಯಿ ಇನ್ನೂ ಗಟ್ಟಿಯಾಗಿದೆ. ನಾನು ಇದ್ದೇನೆ. ಅಷ್ಟೇ. ಯಾಕೋ ಈ ವರ್ಷ ಬಹಳ ದಣಿವು. ಮುಂಜಾನೆ ಎದ್ದು ಮುಖ ತೊಳೆಯುವಷ್ಟರಲ್ಲಿ ಒಂದು ದಿನ ಹೊಲದಲ್ಲಿ ಗಳೆ ಹೊಡೆದಷ್ಟು ಸಾಕಾಗಿರುತ್ತದೆ.

ಈಗ ವಿಷಯ ಕೇಳು. ನೀನು ಊರು ಬಿಟ್ಟು ನಾಲ್ಕು ವರ್ಷವಾದರೂ ನಮ್ಮ ಸೋಮವಾರವನ್ನು ನಾವು ಬಿಟ್ಟಿರಲಿಲ್ಲ. ತಿಂಗಳ ಮೊದಲ ಭಾನುವಾರ ಸಂಜೆ ಎತ್ತು ಬಿಚ್ಚಿ, ಗಡಿಗೆ, ಹಿಟ್ಟು, ಕಂಬಳಿ ಹೊತ್ತು ಹೊರಟರೆ ಸೋಮವಾರ ಪೂರ್ತಿ ಕೆರೆಯ ದಂಡೆಯ ಹಾಳು ಮಂಟಪವೇ ಮನೆ. ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ನಮಗೂ ಅವತ್ತು ಕೆಲಸವಿಲ್ಲ. ಮೀಸೆ ಮೂಡುವ ಮೊದಲು ಹಿಡಿದ ಪದ್ಧತಿ ಇದು. ನಾಲ್ವರಿದ್ದವರು ಮೂವರಾದೆವು, ನಾನು, ಉಡಚಪ್ಪ, ರಾಮಪ್ಪ. ಎಣ್ಣೆಗಾಯಿ ಮಾಡುವ ನೀನಿಲ್ಲದೆ ರಾಮಪ್ಪ ಮಾಡಿದ ಬದನೆಕಾಯಿಯನ್ನು ನಾಲ್ಕು ವರ್ಷ ತಿಂದಿದ್ದೇವೆ, ಅದಕ್ಕೇ ನಮಗೆ ಯಾರಾದರೂ ಏನಾದರೂ ಕೊಡಬೇಕು. ಒಂದು ಸಲ ಉಪ್ಪು ಮರೆತು ಬಂದು, ನಮ್ಮ ಕಾಯದೆಯ ಪ್ರಕಾರ ಮುಂದಿನ ಊರಿಗೆ ನಡೆದು ಉಪ್ಪು ತಂದೆಯಲ್ಲ ನೀನು, ತರುವಷ್ಟರಲ್ಲಿ ನಾವು ಸಪ್ಪಗೇ ಉಂಡು ಮಲಗಿದ್ದೆವು. ಉಡಚಪ್ಪ ಅದನ್ನು ಇನ್ನೂ ಬಿಟ್ಟಿಲ್ಲ. ಪ್ರತಿ ಸಲ ತುತ್ತು ಬಾಯಿಗಿಡುವ ಮೊದಲು “ಉಪ್ಪಿನ ಸಾವ್ಕಾರ ಬಂದ್ನೇನ ನೋಡ್ರಿ” ಅನ್ನುತ್ತಾನೆ. ಕೆಡಿಸಿದವನು ಉಳಿದವರು ಹೇಳಿದ್ದನ್ನು ಮಾಡಬೇಕು, ಆ ಕಾಯದೆ ಇನ್ನೂ ಇದೆ. ಅದೇ ಈಗ ನನ್ನ ಕೊರಳಿಗೆ ಬಂದಿದೆ.

ಉಡಚಪ್ಪನ ಮೊಣಕಾಲು ಹೋಗಿಬಿಟ್ಟಿವೆ. ಎರಡು ಹರದಾರಿ ನಡೆಯುವುದು ದೂರದ ಮಾತು, ಊರ ಬಾಗಿಲ ಅಗಸಿ ದಾಟುವಷ್ಟರಲ್ಲಿ ಮೂರು ಕಡೆ ಕೂಡುತ್ತಾನೆ. ಅದಕ್ಕೆ ಈ ಸಲ ಚಕ್ಕಡಿ ಹೂಡಿದೆ. ಭಾನುವಾರ ಹೋಗುವುದು, ಸೋಮವಾರ ಎತ್ತಿಗೆ ವಿಶ್ರಾಂತಿ, ಮಂಗಳವಾರ ನಸುಕಿನಲ್ಲಿ ಹೊರಟು ಬರುವುದು ಅಂತ ಮಾತಾಗಿತ್ತು. ಹೋದೆವು. ಕೆರೆಯ ಬಾಜುವಿನ ಹೊಲದವನು ಹಾಲುಗಾಳಿನ ಜೋಳದ ತೆನೆ ಕೊಟ್ಟ. ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಸೀತನಿ ತಿಂದೆವು, ಜೊತೆಗೆ ಗುರೆಳ್ಳು ಹಿಂಡಿ. ಉಡಚಪ್ಪ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತು, ಈ ಮೊಣಕಾಲನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಮುಂದಿನ ತಿಂಗಳು ಬಂದು ನೋಡಿಕೊಳ್ಳುತ್ತೇನೆ ಅಂದ. ಚಲೋ ಇತ್ತು. ಅಗದಿ ಚಲೋ ಇತ್ತು.

ಸೋಮವಾರ ಮಧ್ಯಾಹ್ನ ನಾನು ಎದ್ದು ಎತ್ತು ಹೂಡಿದೆ. ಯಾಕೆ ಅಂತ ಕೇಳಬೇಡ, ಹೂಡಿದೆ. ರಾಮಪ್ಪ ನೊಗಕ್ಕೆ ಅಡ್ಡ ನಿಂತು “ಇವತ್ತ ಸೋಮವಾರ ಐತಿ ಹೊಳ್ಯಾ, ಬ್ಯಾಡ. ನಾಳಿ ನಸುಕಿನ್ಯಾಗ ಹೋಗೂಣು” ಅಂದ. “ನಿಮ್ಮ ಮಾರಿ ನೋಡಿ ನೋಡಿ ನನಗ ಸಾಕಾಗೇತಿ, ಸುಮ್ಮನ ಏರ್ರಿ” ಅಂತ ಒದರಿದೆ. ನನ್ನ ಬಾಯಿ ನಿನಗೆ ಗೊತ್ತಿದೆ. ಏರಿದರು. ನಮ್ಮ ಊರಿನ ಈಚೆ ಹಳ್ಳ ಇದೆಯಲ್ಲ, ಅಲ್ಲಿ ರಸ್ತೆ ತಿರುಗುತ್ತದೆ, ನಾವು ತಿರುಗಲಿಲ್ಲ. ಎತ್ತು ಬೆದರಿತು, ಗಾಲಿ ದಂಡೆಯಿಂದ ಇಳಿಯಿತು, ಚಕ್ಕಡಿ ಮಗ್ಗುಲಾಯಿತು. ರಾಮಪ್ಪ ಮರಳಿನ ಮೇಲೆ ಬಿದ್ದು ಎದ್ದ. ಉಡಚಪ್ಪ ಗಡಿಗೆಯ ಸಮೇತ ಬಿದ್ದು, ಬಿದ್ದಲ್ಲಿಂದಲೇ “ಹೊಳ್ಯಾ, ನನ್ನ ಕೈ ನನ್ನ ಕಡೆನ ಐತೇನ ನೋಡಲೇ” ಅಂದ. ಬಲಗೈ ಮುರಿದಿತ್ತು. ನೀನು ಬಾಟಲಿಯಿಂದ ಹಾಲು ಕುಡಿಸಿ ಬೆಳೆಸಿದ ಬಿಳಿ ಎತ್ತಿಗೆ ಮುಂಗಾಲು ತರಚಿದೆ, ಕುಂಟುತ್ತಿಲ್ಲ, ಚಿಂತೆ ಮಾಡಬೇಡ.

ಖಾಸಿಂಬಿಯನ್ನು ಕರೆಸಿದೆವು, ಎಲುಬು ಕೂಡಿಸುವುದರಲ್ಲಿ ಅವಳ ಕೈ ಅವಳ ಅಪ್ಪನ ಕೈಗಿಂತ ಹಗುರ. ಮೊಟ್ಟೆಯ ಬಿಳಿ ಹಚ್ಚಿ, ಬಿದಿರ ಸೀಳು ಇಟ್ಟು ಕಟ್ಟಿದಳು. “ಕಾಕಾ, ಆ ಸಣ್ಣ ಸೀಳ ಕೊಡ್ರಿ” ಅಂದಳು, ಕೊಟ್ಟೆ. ದೊಡ್ಡದನ್ನು ಕೊಟ್ಟೆನೆಂದು ಕಾಣುತ್ತದೆ, ನನ್ನ ಕಡೆಗೇ ತಿರುಗಿ ನೋಡಿ, ಸಣ್ಣದನ್ನು ತಾನೇ ತೆಗೆದುಕೊಂಡಳು.

ಅವತ್ತಿನಿಂದ ಊರಿಗೆಲ್ಲ ಒಂದೇ ಮಾತು, ಹೊಳೆಪ್ಪ ಸೋಮವಾರ ಹೂಡಿದ, ಬಸವಣ್ಣ ತೋರಿಸಿಕೊಟ್ಟ. ಗಿರಣಿಗೆ ಹೋದರೂ ಅದೇ, ಮಠಕ್ಕೆ ಹೋದರೂ ಅದೇ. ನಿನ್ನ ಅತ್ತಿಗೆ ಬಸವಣ್ಣನಿಗೆ ಎಣ್ಣೆ ಎರೆದು ಬಂದು ನನ್ನನ್ನು ದುರುಗುಟ್ಟುತ್ತಾಳೆ. ಮಗ ಗುಡದಪ್ಪನಿಗಂತೂ ಹಬ್ಬವಾಗಿದೆ. ಎರಡು ವರ್ಷದಿಂದ ಅವನದು ಒಂದೇ ಜಪ, “ಎತ್ತ ಕೊಟ್ಟಬಿಡೂಣು ಯಪ್ಪಾ, ಟ್ರ್ಯಾಕ್ಟರ್ ಬಾಡಿಗಿಗೆ ಸಿಗತೈತಿ.” ಈಗ ಅವನ ಬಾಯಿಗೆ ನಾನೇ ಬಲ ಕೊಟ್ಟಂತಾಯಿತು. ಎತ್ತು ಹೋದರೆ ಚಕ್ಕಡಿ ಹೋಯಿತು, ಚಕ್ಕಡಿ ಹೋದರೆ ಉಡಚಪ್ಪ ಕೆರೆ ಕಾಣುವುದಿಲ್ಲ, ಅವನಿಲ್ಲದೆ ನಾನು ಮತ್ತು ರಾಮಪ್ಪ ಇಬ್ಬರೇ ಹೋಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನು ಮಾಡುವುದು? ಅಲ್ಲಿಗೆ ನಮ್ಮ ಸೋಮವಾರ ಮುಗಿಯಿತು.

ಉಡಚಪ್ಪನಿಗೆ ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಆಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವನು ಕಾಯದೆ ತೆಗೆದ. “ಕೆಡಿಸಿದಾಂವ ನೀನು. ನಿನ್ನ ತಮ್ಮಗ ಬರಿ. ಅಂವ ಬಂದು ಹಗ್ಗ ಹಿಡಿದ್ರ ನಾ ಚಕ್ಕಡಿ ಏರತೀನಿ, ನೀ ಹಿಡಿದ್ರ ಏರಂಗಿಲ್ಲ.” ಸಂತೆಗೂ ಜಾತ್ರೆಗೂ ನಲವತ್ತು ವರ್ಷ ನನ್ನ ಹಗ್ಗದ ಹಿಂದೆ ಕೂತವನು ಹೀಗಂದ. ಅವನ ಕೈ ಕೂಡುವಷ್ಟರಲ್ಲಿ ಫೆಬ್ರವರಿಯ ಸೋಮವಾರ ಹೋಗುತ್ತದೆ. ಮಾರ್ಚ್ ಎರಡಕ್ಕೆ ಭಾನುವಾರ, ಅವತ್ತು ಮಧ್ಯಾಹ್ನದೊಳಗೆ ನೀನು ಊರಲ್ಲಿರಬೇಕಂತೆ. ಬರುವಾಗ ಉಪ್ಪು ತರಬೇಕಂತೆ. ಇದನ್ನು ಅವನೇ ಬರೆಸಿದ್ದು.

ರೇವವ್ವಳಿಗೆ ನಮ್ಮಿಬ್ಬರ ಆಶೀರ್ವಾದ ಹೇಳು. ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಅಂದುಕೋ. ನೀನು ಹೊಟ್ಟೆ ತುಂಬ ಉಣ್ಣು, ಬೆಚ್ಚಗೆ ಮಲಗು.

ನಿನ್ನ ಅಣ್ಣ,
ಹೊಳೆಪ್ಪ

ತಾ.ಕ.: ಮೇಲಿನದನ್ನು ಉಡಚಪ್ಪನಿಗೆ ಓದಿ ಹೇಳಿದೆ, ಒಪ್ಪಿ ಎದ್ದುಹೋದ. ಓದಲಿಲ್ಲ ಮಡಿವಾಳ, ಹಾಳೆ ಹಿಡಿದುಕೊಂಡು ನೆನಪಿನಿಂದ ಹೇಳಿದೆ. ನಾನು ಬರೆದದ್ದು ನನಗೇ ಕಾಣುವುದಿಲ್ಲ. ಒಂದು ವರ್ಷದಿಂದ ಹೀಗೆ, ಕಣ್ಣಿಗೆ ಮಂಜು ಕಟ್ಟಿದೆ. ಭಾನುವಾರ ಸಂಜೆ ಹೋಗುವಾಗ ಎತ್ತುಗಳೇ ದಾರಿ ಹಿಡಿದವು, ನಾನು ಸುಮ್ಮನೆ ಹಗ್ಗ ಹಿಡಿದು ಕೂತಿದ್ದೆ. ನಸುಕಿನ ಕತ್ತಲೆಗೆ ಹೆದರಿ ಸೋಮವಾರ ಬಿಸಿಲಿನಲ್ಲಿ ಹೂಡಿದೆ. ಬಿಸಿಲು ಇನ್ನೂ ಕೆಟ್ಟದ್ದು, ರಸ್ತೆಯೂ ಬೆಳ್ಳಗೆ, ಹಳ್ಳವೂ ಬೆಳ್ಳಗೆ. ಬಸವಣ್ಣನದೇನೂ ಇಲ್ಲ. ಎತ್ತು ಬೆದರಲೂ ಇಲ್ಲ. ನಿನ್ನ ಬಿಳಿ ಎತ್ತು ದಂಡೆಗೆ ಬಂದು ತಾನೇ ನಿಂತಿತು. ಯಾಕೆ ನಿಂತಿತು ಅಂತ ತಿಳಿಯದೆ ನಾನು ಬಾರಕೋಲಿನಿಂದ ಹೊಡೆದೆ. ಎರಡು ಸಲ ಹೊಡೆದೆ. ಆಮೇಲೆ ಇಳಿಯಿತು. ಇದನ್ನು ಯಾರಿಗೂ ಹೇಳಿಲ್ಲ. ಖಾಸಿಂಬಿ ತಾನೇ ತಿಳಿದುಕೊಂಡಳು. “ನಮ್ಮ ಅವ್ವಗೂ ಹಿಂಗ ಆಗಿತ್ರಿ ಕಾಕಾ, ಆಪರೇಶನ್ ಮಾಡಿದ್ರ ಕಾಣತೈತಿ” ಅಂದಳು. ಫೆಬ್ರವರಿ ಹದಿನಾರಕ್ಕೆ ಕಲಘಟಗಿಯಲ್ಲಿ ಕಣ್ಣಿನ ಶಿಬಿರವಿದೆ. ಮನೆಯವರೊಬ್ಬರು ವಾರ ಜೊತೆಗಿರಬೇಕಂತೆ. ಗುಡದಪ್ಪನಿಗೆ ಗೊತ್ತಾದರೆ ಮರುದಿನವೇ ಎತ್ತು ಸಂತೆಯಲ್ಲಿ. ಮೊದಲು ನೀನು ಬಾ. ಆಮೇಲೆ ಇಬ್ಬರೂ ಕೂಡಿ ಉಡಚಪ್ಪನಿಗೆ ಹೇಳೋಣ, ನನ್ನೊಬ್ಬನ ಕೈಲಿ ಆಗುವುದಿಲ್ಲ. ಮಾರ್ಚಿಗಲ್ಲ, ಫೆಬ್ರವರಿ ಹದಿನೈದಕ್ಕೇ ಬಾ. ಉತ್ತರದಲ್ಲಿ ಕಣ್ಣಿನ ಮಾತು ಎತ್ತಬೇಡ, ಹದಿನೈದಕ್ಕೆ ಬರುತ್ತೇನೆ ಅಂತ ಅಷ್ಟೇ ಬರೆ, ದಪ್ಪ ಅಕ್ಷರದಲ್ಲಿ ಬರೆ, ನಾನೇ ಓದಿಕೊಳ್ಳಬೇಕು. ಫೆಬ್ರವರಿ ಐದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.